ಕೆಂಪು ಸಿಲಿಂಡರಿನ ಹಾಜರಿ ಪುಸ್ತಕ



ಈ ಪುಟದಲ್ಲಿ ಇದುವರೆಗೆ ನಾನು ಬರೆದದ್ದೆಲ್ಲ ಬಹುಮಟ್ಟಿಗೆ ಶಾಲೆಯ ನೆನಪುಗಳು, ಊರಿನ ಜಾತ್ರೆಗಳು, ತೀರಿಹೋದ ಹಿರಿಯರ ವಿಚಾರಗಳು. ಇಂದು ಬರೆಯಹೊರಟಿರುವ ವಿಷಯವನ್ನು ಕೇಳಿದರೆ ನಿಮ್ಮಲ್ಲಿ ಕೆಲವರಿಗೆ ನಗು ಬರಬಹುದು. ಆಸ್ಪತ್ರೆಗಳ ಗೋಡೆಯ ಮೇಲೆ ತೂಗುಹಾಕಿರುವ, ಬೆಂಕಿ ನಂದಿಸುವ ಕೆಂಪು ಸಿಲಿಂಡರುಗಳನ್ನು ಕುರಿತು ನಾಲ್ಕು ಮಾತು ಬರೆಯುತ್ತಿದ್ದೇನೆ. ನಗಿರಿ, ಅಡ್ಡಿಯಿಲ್ಲ; ಆದರೆ ಕೊನೆಯವರೆಗೆ ಓದಿರಿ. ಇದರಲ್ಲಿ ನನ್ನದೊಂದು ತಪ್ಪೊಪ್ಪಿಗೆಯೂ ಇದೆ. ಬರೆಯಬೇಕೆಂದು ಬಹಳ ದಿನಗಳಿಂದ ಅಂದುಕೊಂಡು ಮುಂದೂಡುತ್ತ ಬಂದದ್ದಕ್ಕೆ ಕಾರಣವೂ ಅದೇ.

2023ರ ಡಿಸೆಂಬರ್ ತಿಂಗಳಲ್ಲಿ ನನ್ನ ಪತ್ನಿಗೆ ನ್ಯುಮೋನಿಯಾ ಆಗಿ ಹನ್ನೊಂದು ದಿನ ಆಸ್ಪತ್ರೆಯಲ್ಲಿದ್ದ ಸಂಗತಿ ನಿಮ್ಮಲ್ಲಿ ಹಲವರಿಗೆ ಗೊತ್ತಿದೆ. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು, ಈ ನಾಲ್ಕು ಊರುಗಳಲ್ಲೂ ನಾನು ಉಪಾಧ್ಯಾಯ ವೃತ್ತಿ ಮಾಡಿದವನು. ಆ ಆಸ್ಪತ್ರೆ ಈ ನಾಲ್ಕರಲ್ಲಿ ಒಂದು ಊರಿನದು ಎಂದಷ್ಟೇ ಹೇಳುತ್ತೇನೆ, ಯಾವುದೆಂದು ಹೇಳುವುದಿಲ್ಲ. ಅಲ್ಲಿಯ ವೈದ್ಯರು ಮತ್ತು ದಾದಿಯರು ಅವಳನ್ನು ನನಗೆ ಉಳಿಸಿಕೊಟ್ಟವರು. ಅವರ ಋಣವನ್ನು ದೂರಿನ ರೂಪದಲ್ಲಿ ತೀರಿಸಲಾರೆ. ಮೇಲಾಗಿ, ನಾನು ಅಲ್ಲಿ ಕಂಡದ್ದು ಒಂದು ಕಟ್ಟಡದ ದೋಷವಲ್ಲ, ನಮ್ಮೆಲ್ಲರ ಸ್ವಭಾವದ ದೋಷ ಎಂಬುದು ಮುಂದೆ ನಿಮಗೇ ತಿಳಿಯುತ್ತದೆ.

ರೋಗಿಯ ಜೊತೆಗಿರುವವನಿಗೆ ರಾತ್ರಿ ಬಹಳ ದೀರ್ಘವಾದದ್ದು. ಓದಲು ತಂದ ಪುಸ್ತಕ ಮುಗಿದ ಮೇಲೆ ಗೋಡೆಯ ಮೇಲೆ ಬರೆದಿರುವುದನ್ನೆಲ್ಲ ಓದಲು ತೊಡಗುತ್ತೇವೆ. ‘ನಿಶ್ಶಬ್ದವಾಗಿರಿ’, ‘ಚಪ್ಪಲಿಗಳನ್ನು ಹೊರಗೆ ಬಿಡಿ’, ಲಸಿಕೆಯ ವೇಳಾಪಟ್ಟಿ, ಹೀಗೆ ಎಲ್ಲವೂ ಎರಡೇ ದಿನದಲ್ಲಿ ನನಗೆ ಬಾಯಿಪಾಠವಾಯಿತು. ಎರಡನೆಯ ರಾತ್ರಿ ಕಣ್ಣಿಗೆ ಬಿದ್ದದ್ದು ವಾರ್ಡಿನ ಹೊರಗೆ, ವಿದ್ಯುತ್ ಫಲಕದ ಪಕ್ಕದಲ್ಲಿ ತೂಗುತ್ತಿದ್ದ ಕೆಂಪು ಸಿಲಿಂಡರು ಮತ್ತು ಅದರ ಕೊರಳಿಗೆ ದಾರದಿಂದ ಕಟ್ಟಿದ್ದ ಒಂದು ಹಳದಿ ಕಾರ್ಡು. ಕನ್ನಡಕ ಸರಿಪಡಿಸಿಕೊಂಡು ಅದನ್ನೂ ಓದಿದೆ. ತಿಂಗಳಿಗೊಂದು ಸಾಲು, ಪರೀಕ್ಷಿಸಿದ ದಿನಾಂಕ, ಸ್ಥಿತಿ, ಸಹಿ. ಸ್ಥಿತಿ ಎಂಬ ಕಡೆ ಉದ್ದಕ್ಕೂ ‘ಸರಿಯಿದೆ, ಸರಿಯಿದೆ, ಸರಿಯಿದೆ’.

ಮೂವತ್ತಾರು ವರ್ಷ ಹಾಜರಿ ಪುಸ್ತಕದೊಡನೆ ಬದುಕಿದವನು ನಾನು. ದಿನದಿನವೂ ತುಂಬಿದ ಪುಸ್ತಕ ಹೇಗಿರುತ್ತದೆ, ತನಿಖಾಧಿಕಾರಿಗಳು ಬರುತ್ತಾರೆಂದು ಹಿಂದಿನ ರಾತ್ರಿ ಕುಳಿತು ತುಂಬಿದ ಪುಸ್ತಕ ಹೇಗಿರುತ್ತದೆ ಎಂಬುದನ್ನು ಹತ್ತು ಅಡಿ ದೂರದಿಂದಲೇ ಹೇಳಬಲ್ಲೆ. ದಿನದಿನದ ಬರವಣಿಗೆಯಲ್ಲಿ ಶಾಯಿ ಬದಲಾಗುತ್ತದೆ, ಕೈ ಬದಲಾಗುತ್ತದೆ, ಒಂದೊಂದು ದಿನ ಅವಸರವಿರುತ್ತದೆ. ಒಂದೇ ಕೂರಿಕೆಯ ಬರವಣಿಗೆ ಮಾತ್ರ ಮೊದಲಿಂದ ಕೊನೆಯವರೆಗೆ ಒಂದೇ ಓರೆಯಲ್ಲಿ ಸಾಗುತ್ತದೆ. ಆ ಕಾರ್ಡು ಎರಡನೆಯ ಬಗೆಯದು. ಸಂದೇಹಕ್ಕೂ ಎಡೆಯಿರಲಿಲ್ಲ, ಏಕೆಂದರೆ ನಾನು ಓದುತ್ತಿದ್ದುದು ಡಿಸೆಂಬರ್ ತಿಂಗಳಲ್ಲಿ, ಕಾರ್ಡಿನ ಸಹಿಗಳು 2024ರ ಮಾರ್ಚ್‌ವರೆಗೂ ಇದ್ದವು!

ಮುಂದಿನ ಮೂರು ತಿಂಗಳೂ ಸಿಲಿಂಡರು ಸರಿಯಿರುವುದೆಂದು ಬಲ್ಲ ಆ ತ್ರಿಕಾಲಜ್ಞಾನಿಯನ್ನು ನೆನೆದು ನಾನು ಒಬ್ಬನೇ ನಕ್ಕೆ. ಬೆಳಿಗ್ಗೆ ಮಗನಿಗೆ ಫೋನಿನಲ್ಲಿ ಹೇಳಿ ಅವನನ್ನೂ ನಗಿಸಿದೆ. ಆದರೆ ಪಕ್ಕದಲ್ಲೇ ಕುಳಿತಿದ್ದ ದಾದಿಗೆ ಹೇಳಲಿಲ್ಲ. ಆಸ್ಪತ್ರೆಯ ಕಚೇರಿ ಕೆಳಗಡೆಯೇ ಇತ್ತು, ಅಲ್ಲಿಗೂ ಹೋಗಲಿಲ್ಲ. ಈ ಮಾತನ್ನು ದಯವಿಟ್ಟು ನೆನಪಿನಲ್ಲಿಡಿ.

ನಾಲ್ಕನೆಯ ರಾತ್ರಿ, ಸುಮಾರು ಎರಡೂವರೆ ಗಂಟೆಯ ಹೊತ್ತು. ರಬ್ಬರು ಸುಟ್ಟಂಥ ವಾಸನೆ ಬಂದು ಎಚ್ಚರವಾಯಿತು. ಹೊರಗೆ ಬಂದು ನೋಡಿದರೆ ವಿದ್ಯುತ್ ಫಲಕದ ಸಂದಿನಿಂದ ಕಪ್ಪು ಹೊಗೆ ನೂಲಿನಂತೆ ಏಳುತ್ತಿತ್ತು. ನಾನು ಕೂಗುವಷ್ಟರಲ್ಲಿ ಅದು ನೂಲಾಗಿ ಉಳಿದಿರಲಿಲ್ಲ. ಊಟದ ತಟ್ಟೆಯಷ್ಟಗಲ ಜ್ವಾಲೆ ಕಾಣಿಸಿಕೊಂಡಿತು. ವಾರ್ಡಿನ ಸಹಾಯಕ ಹುಡುಗ ಓಡಿ ಬಂದು ಕೆಂಪು ಸಿಲಿಂಡರನ್ನು ಕೆಳಗಿಳಿಸಿದ. ಅದರ ಪಿನ್ನು ತುಕ್ಕು ಹಿಡಿದು ಕುಳಿತಿತ್ತು. ಹಲ್ಲು ಕಚ್ಚಿ ಎಳೆದು, ಹಿಡಿಕೆ ಅದುಮಿದ. ಒಂದು ಹಿಡಿ ಬಿಳಿಯ ಪುಡಿ ಅವನ ಕಾಲ ಮೇಲೆಯೇ ಉದುರಿತು. ಆಮೇಲೆ ಏನೂ ಇಲ್ಲ. ಅವನು ಸಿಲಿಂಡರನ್ನು ಅಲುಗಾಡಿಸಿದ, ಮತ್ತೆ ಅದುಮಿದ, ಏನೂ ಇಲ್ಲ. ಆ ಹುಡುಗನ ಮುಖ ನನಗೆ ಇಂದಿಗೂ ಕಣ್ಣಿಗೆ ಕಟ್ಟಿದಂತಿದೆ.

ನನ್ನ ಪತ್ನಿಯ ಮೂಗಿನಲ್ಲಿ ಆಮ್ಲಜನಕದ ನಳಿಕೆಯಿತ್ತು. ಹೊಗೆ ಬಾಗಿಲ ಮೇಲ್ಭಾಗದಿಂದ ವಾರ್ಡಿನೊಳಕ್ಕೆ ಇಣುಕುತ್ತಿತ್ತು. ನಾನು ಎಪ್ಪತ್ತು ದಾಟಿದ ಮುದುಕ. ಅವಳನ್ನು ಎತ್ತಿಕೊಂಡು ಓಡಬಲ್ಲೆನೇ? ಕಾರಿಡಾರಿನ ಕೊನೆಯಲ್ಲಿದ್ದ ಎರಡನೆಯ ಬಾಗಿಲಿಗೆ ಬೀಗ. ಬೀಗದ ಕೈ ಕಾವಲುಗಾರನ ಬಳಿ, ಕಾವಲುಗಾರ ಗೇಟಿನ ಬಳಿ. ಆ ಹೊತ್ತಿಗೆ ನಮ್ಮನ್ನು ಕಾಪಾಡಿದವಳು ಇಪ್ಪತ್ತೈದು ವರ್ಷವೂ ತುಂಬಿರದ ಒಬ್ಬ ದಾದಿ. ಮುಖ್ಯ ಸ್ವಿಚ್ಚನ್ನು ತೆಗೆಯುವಂತೆ ಕೂಗಿ ಹೇಳಿ, ಒಂದು ಸಣ್ಣ ಆಮ್ಲಜನಕದ ಸಿಲಿಂಡರನ್ನು ಮಂಚದ ಮೇಲಿಟ್ಟು, ನಳಿಕೆ ಬದಲಾಯಿಸಿ, ಮಂಚವನ್ನೇ ತಳ್ಳಿಕೊಂಡು ಪಕ್ಕದ ವಾರ್ಡಿಗೆ ಸಾಗಿಸಿ ನಡುವಿನ ಬಾಗಿಲು ಹಾಕಿದಳು. ಮತ್ತೆ ಬಂದು ಇನ್ನೊಬ್ಬರನ್ನು ಕರೆದೊಯ್ದಳು. ಅಷ್ಟರಲ್ಲಿ ಯಾರೋ ಕೆಳ ಅಂತಸ್ತಿನ ಸಿಲಿಂಡರನ್ನು ತಂದರು. ಅದು ಕೆಲಸ ಮಾಡಿತು. ಇಪ್ಪತ್ತು ನಿಮಿಷದಲ್ಲಿ ಎಲ್ಲ ಮುಗಿಯಿತು. ಯಾರಿಗೂ ಅಪಾಯವಾಗಲಿಲ್ಲ. ಮರುದಿನದ ಯಾವ ಪತ್ರಿಕೆಯಲ್ಲೂ ಬರುವಂಥ ಸುದ್ದಿ ಅದಾಗಿರಲಿಲ್ಲ.

ಬೆಳಗಾದ ಮೇಲೆ ನನಗೆ ಕೋಪ ಬಂತು. ಬಿಳಿ ಹಾಳೆ ತರಿಸಿಕೊಂಡು ಆಸ್ಪತ್ರೆಯ ಮುಖ್ಯಸ್ಥರಿಗೆ ಪತ್ರ ಬರೆಯಲು ಕುಳಿತೆ. ಮಾನ್ಯರೇ ಎಂದು ಆರಂಭಿಸಿ ಎಲ್ಲವನ್ನೂ ವಿವರಿಸಿ, ‘ವಸ್ತುವನ್ನು ಕಣ್ಣಿನಿಂದಲೂ ನೋಡದೆ ಅದು ಸರಿಯಿದೆಯೆಂದು ಸಹಿ ಮಾಡಿದ ವ್ಯಕ್ತಿ ಯಾರು ಎಂದು ತಿಳಿಯಬಯಸುತ್ತೇನೆ’ ಎಂಬ ವಾಕ್ಯದವರೆಗೆ ಬಂದೆ. ಅಲ್ಲಿ ಲೇಖನಿ ನಿಂತಿತು. ಏಕೆಂದರೆ ಅಂಥ ಒಬ್ಬ ವ್ಯಕ್ತಿಯನ್ನು ನಾನು ಚೆನ್ನಾಗಿ ಬಲ್ಲೆ. ಅದು ನಾನೇ.

ವಿಷಯ ಹೀಗಿದೆ. 2004ರ ಜುಲೈ 16ರಂದು ತಮಿಳುನಾಡಿನ ಕುಂಭಕೋಣದ ಶಾಲೆಯೊಂದರಲ್ಲಿ ಅಡುಗೆಮನೆಯ ಬೆಂಕಿ ಗರಿಯ ಮಾಡಿಗೆ ತಗುಲಿ 94 ಮಕ್ಕಳು ಸತ್ತರು. ಆ ದುರಂತದ ಬಳಿಕ ಸಲ್ಲಿಕೆಯಾದ ಅರ್ಜಿಯ ಮೇಲೆ ಸರ್ವೋಚ್ಚ ನ್ಯಾಯಾಲಯವು 2009ರ ಏಪ್ರಿಲ್ 13ರಂದು ತೀರ್ಪು ನೀಡಿ, ದೇಶದ ಎಲ್ಲ ಶಾಲೆಗಳಲ್ಲೂ ಬೆಂಕಿ ನಂದಿಸುವ ಸಾಧನಗಳಿರಬೇಕು, ಅವನ್ನು ಬಳಸುವ ತರಬೇತಿ ಸಿಬ್ಬಂದಿಗೆ ಇರಬೇಕು ಎಂದು ವಿಧಿಸಿತು. ಆಗ ನಾನು ನನ್ನ ಸೇವೆಯ ಕೊನೆಯ ಮೂರು ವರ್ಷಗಳಲ್ಲಿ, ಒಂದು ಪ್ರೌಢಶಾಲೆಯ ಮುಖ್ಯೋಪಾಧ್ಯಾಯನಾಗಿದ್ದೆ. ನಮ್ಮ ಶಾಲೆಗೂ ಎರಡು ಕೆಂಪು ಸಿಲಿಂಡರುಗಳು ಬಂದವು. ಗೋಡೆಗೆ ಹಾಕಿದರೆ ಹುಡುಗರು ಪಿನ್ನು ಕಿತ್ತು ಆಟವಾಡುತ್ತಾರೆಂದು ಹೆದರಿ ಅವೆರಡನ್ನೂ ನನ್ನ ಕೊಠಡಿಯ ಬೀರುವಿನಲ್ಲಿಟ್ಟು ಬೀಗ ಹಾಕಿದೆ. ಬೀಗದ ಕೈ ನನ್ನ ಜೇಬಿನಲ್ಲಿ. ನಾನು ಸಭೆಗೆಂದು ದಾವಣಗೆರೆಗೆ ಹೋದ ದಿನ ಬಿಸಿಯೂಟದ ಅಡುಗೆಮನೆಯಲ್ಲಿ ಗ್ಯಾಸು ಹೊತ್ತಿಕೊಂಡಿದ್ದರೆ? ಆ ಪ್ರಶ್ನೆಯನ್ನು ನಾನು ಒಮ್ಮೆಯೂ ಕೇಳಿಕೊಳ್ಳಲಿಲ್ಲ.

ವರ್ಷಕ್ಕೊಮ್ಮೆ ಮೇಲಿನ ಕಚೇರಿಯಿಂದ ನಮೂನೆ ಬರುತ್ತಿತ್ತು. ‘ಅಗ್ನಿನಂದಕಗಳು ಇವೆಯೇ? ಸುಸ್ಥಿತಿಯಲ್ಲಿವೆಯೇ?’ ಇವೆ, ಸುಸ್ಥಿತಿಯಲ್ಲಿವೆ ಎಂದು ಬರೆದು ಸಹಿ ಹಾಕಿ ಮೊಹರು ಒತ್ತುತ್ತಿದ್ದೆ. ಬೀರುವಿನ ಬಾಗಿಲು ಕುರ್ಚಿಯಿಂದ ನಾಲ್ಕು ಹೆಜ್ಜೆ. ಆ ನಾಲ್ಕು ಹೆಜ್ಜೆ ಇಡಲಿಲ್ಲ. 2012ರಲ್ಲಿ ನಿವೃತ್ತನಾಗಿ ಅಧಿಕಾರ ಹಸ್ತಾಂತರಿಸುವಾಗ ದಾಸ್ತಾನು ಪಟ್ಟಿಯಲ್ಲಿ ಗ್ಲೋಬು, ಭೂಪಟಗಳ ಜೊತೆ ಅವನ್ನೂ ‘ಎರಡು, ಸುಸ್ಥಿತಿ’ ಎಂದು ಬರೆದುಕೊಟ್ಟೆ. ಅದಕ್ಕಿಂತ ನಾಚಿಕೆಯ ಸಂಗತಿಯೆಂದರೆ ನಾನು ವಿಜ್ಞಾನದ ಮೇಷ್ಟ್ರು. ಉರಿಯುವ ಮೋಂಬತ್ತಿಯ ಮೇಲೆ ಗಾಜಿನ ಲೋಟ ಕವುಚಿ, ಬೆಂಕಿಗೆ ಉರುವಲು, ಶಾಖ, ಆಮ್ಲಜನಕ ಮೂರೂ ಬೇಕು, ಒಂದನ್ನು ತೆಗೆದರೆ ಬೆಂಕಿ ಸಾಯುತ್ತದೆ ಎಂದು ನಿಮ್ಮಲ್ಲಿ ಎಷ್ಟು ಜನಕ್ಕೆ ಪಾಠ ಮಾಡಿಲ್ಲ!

ಪತ್ರವನ್ನು ಹರಿಯಲಿಲ್ಲ. ಕೊನೆಯ ವಾಕ್ಯವನ್ನು ಹೊಡೆದುಹಾಕಿ, ‘ಇಂಥ ಸಹಿಯನ್ನು ನಾನೂ ಮಾಡಿದ್ದೇನೆ, ಆದ್ದರಿಂದಲೇ ಗುರುತಿಸಬಲ್ಲೆ’ ಎಂದು ಬರೆದು ಕೊಟ್ಟೆ. ಎರಡು ದಿನ ಮೊದಲೇ ಕಂಡೂ ಹೇಳದಿದ್ದ ನನ್ನ ತಪ್ಪನ್ನೂ ಬರೆದೆ.

ಪತ್ನಿ ಮನೆಗೆ ಬಂದ ಮೇಲೆ ಅವಳನ್ನು ನೋಡಲು ಬಂದವರಲ್ಲಿ ನನ್ನ ಹಳೆಯ ವಿದ್ಯಾರ್ಥಿಯೊಬ್ಬನಿದ್ದ. ಅಗ್ನಿಶಾಮಕ ಇಲಾಖೆಯಲ್ಲಿ ಬಹಳ ವರ್ಷಗಳಿಂದ ಕೆಲಸ ಮಾಡುತ್ತಿದ್ದಾನೆ. ಹೆಸರು ಬರೆದರೆ ಅವನಿಗೆ ಮುಜುಗರವಾದೀತು. ನಾನು ನಡೆದದ್ದನ್ನು ಹೇಳಿದೆ. ಅವನು ಆಶ್ಚರ್ಯಪಡಲಿಲ್ಲ. “ಮೇಷ್ಟ್ರೇ, ಅದರ ಮುಳ್ಳು ಎಲ್ಲಿತ್ತು?” ಎಂದು ಕೇಳಿದ. ಯಾವ ಮುಳ್ಳು ಎಂದೆ. ಕಾರ್ಡಿನ ಕೈಬರಹವನ್ನು ಅಷ್ಟು ಪರೀಕ್ಷಿಸಿದವನು ಸಿಲಿಂಡರಿನ ತಲೆಯ ಮೇಲಿದ್ದ ಸಣ್ಣ ಗಡಿಯಾರದಂಥ ಮಾಪಕವನ್ನು ನೋಡಿಯೇ ಇರಲಿಲ್ಲ. ಅಂದಿನಿಂದ ಗುರು ಶಿಷ್ಯನಾದ. ಅವನು ಹೇಳಿಕೊಟ್ಟದ್ದನ್ನು ನಿಮಗೂ ಹೇಳುತ್ತೇನೆ.

ಸಾಮಾನ್ಯವಾಗಿ ನಾವು ಕಾಣುವ ಸಿಲಿಂಡರಿನಲ್ಲಿ ಒಣ ಪುಡಿಯಿರುತ್ತದೆ. ಅದನ್ನು ಹೊರದೂಡಲು ಸಾರಜನಕವನ್ನು ಒತ್ತಡದಲ್ಲಿ ತುಂಬಿರುತ್ತಾರೆ. ಮಾಪಕದ ಮುಳ್ಳು ಹಸಿರು ಪಟ್ಟಿಯಲ್ಲಿದ್ದರೆ ಒತ್ತಡವಿದೆ. ಕೆಂಪಿಗಿಳಿದಿದ್ದರೆ ಅನಿಲ ಸೋರಿದೆ. ಆದರೆ ಮುಳ್ಳು ಹಸಿರಿನಲ್ಲಿದ್ದ ಮಾತ್ರಕ್ಕೆ ನಿಶ್ಚಿಂತೆಯಿಲ್ಲ. ವರ್ಷಗಟ್ಟಲೆ ಅಲುಗದೆ ನಿಂತರೆ, ತೇವ ಸೇರಿದರೆ, ಪುಡಿ ಹಳೆಯ ಸಿಮೆಂಟಿನ ಚೀಲದಂತೆ ಗಟ್ಟಿಯಾಗುತ್ತದೆ. ಆಗ ಅನಿಲವಷ್ಟೇ ಹೊರಬಂದು ಪುಡಿ ಒಳಗೇ ಉಳಿಯುತ್ತದೆ. ಇಂಗಾಲದ ಡೈ ಆಕ್ಸೈಡಿನ ಸಿಲಿಂಡರಿಗೆ ಮಾಪಕವೇ ಇರುವುದಿಲ್ಲ. ಅದರ ಆರೋಗ್ಯ ತಿಳಿಯಬೇಕಾದರೆ ತಕ್ಕಡಿಗೆ ಹಾಕಿ ತೂಗಬೇಕು. ತುಂಬಿದ ಅನಿಲದಲ್ಲಿ ಹತ್ತನೆಯ ಒಂದು ಭಾಗಕ್ಕಿಂತ ಹೆಚ್ಚು ಕಡಮೆಯಾಗಿದ್ದರೆ ಮತ್ತೆ ತುಂಬಿಸಬೇಕು. ಪುಡಿಯ ಸಿಲಿಂಡರಿನ ಕವಚವನ್ನು ಮೂರು ವರ್ಷಕ್ಕೊಮ್ಮೆ, ಇಂಗಾಲದ ಡೈ ಆಕ್ಸೈಡಿನದನ್ನು ಐದು ವರ್ಷಕ್ಕೊಮ್ಮೆ ನೀರಿನ ಒತ್ತಡದಿಂದ ಪರೀಕ್ಷಿಸಬೇಕು. ಇವೆಲ್ಲ ಭಾರತೀಯ ಮಾನಕ ಬ್ಯೂರೋದ 2190ನೆಯ ಸಂಖ್ಯೆಯ ಸಂಹಿತೆಯಲ್ಲಿ ಸ್ಪಷ್ಟವಾಗಿ ಬರೆದಿವೆಯಂತೆ.

“ಸಿಲಿಂಡರು ಸಣ್ಣ ಮಾತು ಮೇಷ್ಟ್ರೇ, ಅದು ಮೊದಲ ಅರ್ಧ ನಿಮಿಷಕ್ಕೆ” ಎಂದು ಅವನು ಮುಂದುವರಿಸಿದ. ದೊಡ್ಡ ಆಸ್ಪತ್ರೆಯಾದರೆ ಹೊಗೆ ಕಂಡೊಡನೆ ಕೂಗುವ ಗಂಟೆಗಳಿರುತ್ತವೆ. ಅವುಗಳೊಳಗೆ ಧೂಳು, ಜೇಡರ ಬಲೆ ಸೇರಿದರೆ ಅವು ಸುಮ್ಮಸುಮ್ಮನೆ ಕೂಗುತ್ತವೆ, ಅಥವಾ ಕೂಗುವುದೇ ಇಲ್ಲ. ಸುಮ್ಮಸುಮ್ಮನೆ ಕೂಗಿದಾಗ ಸಿಬ್ಬಂದಿ ಬೇಸತ್ತು ಗುಂಡಿಯನ್ನು ಅದುಮಿ ಮೌನಗೊಳಿಸುತ್ತಾರೆ. ಮತ್ತೆ ಅದನ್ನು ಎಚ್ಚರಗೊಳಿಸಲು ಮರೆಯುತ್ತಾರೆ. ನೀರಿನ ಪಂಪಿದ್ದರೆ ಅದನ್ನು ವಾರಕ್ಕೊಮ್ಮೆಯಾದರೂ ಓಡಿಸಬೇಕು. ವಿದ್ಯುತ್ತು ಹೋದಾಗ ನೆರವಿಗೆ ಬರಬೇಕಾದ ಡೀಸೆಲ್ ಪಂಪು ಬ್ಯಾಟರಿ ಸತ್ತು ಮಲಗಿರುವುದು ಅವನು ಪದೇಪದೇ ಕಂಡ ದೃಶ್ಯ. ಕ್ಯಾನ್ವಾಸಿನ ಕೊಳವೆಯನ್ನು ಬಿಚ್ಚಿ ನೋಡಿದರೆ ಇಲಿ ಕಡಿದಿರುತ್ತದೆ. ತುರ್ತು ನಿರ್ಗಮನ ಎಂದು ಹಸಿರು ದೀಪ ಉರಿಯುವ ಬಾಗಿಲಿನ ಹಿಂದೆ ಮುರಿದ ಮಂಚಗಳು ಪೇರಿಸಿರುತ್ತವೆ. “ಯಾವುದಕ್ಕೂ ಹೆಚ್ಚು ಹಣ ಬೇಡ ಮೇಷ್ಟ್ರೇ. ಒಬ್ಬ ಮನುಷ್ಯ ತಿಂಗಳಿಗೊಮ್ಮೆ ನಿಜವಾಗಿ ನಡೆದು ನೋಡಬೇಕು, ಅಷ್ಟೆ” ಎಂದ.

ಅಷ್ಟೆ ಎಂಬುದು ಎಷ್ಟು ದೊಡ್ಡ ಮಾತು ಎಂಬುದನ್ನು ಇತ್ತೀಚಿನ ವರ್ಷಗಳು ತೋರಿಸಿಕೊಟ್ಟಿವೆ. 2011ರ ಡಿಸೆಂಬರ್ 9ರ ನಸುಕಿನಲ್ಲಿ ಕೊಲ್ಕತ್ತಾದ ಎ.ಎಂ.ಆರ್.ಐ. ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಹೊತ್ತಿದ ಬೆಂಕಿಯ ಹೊಗೆ ಮೇಲಿನ ಅಂತಸ್ತುಗಳಿಗೆ ಏರಿ ತೊಂಬತ್ತರಷ್ಟು ಮಂದಿ ಸತ್ತರು. ಅವರಲ್ಲಿ ಹೆಚ್ಚಿನವರನ್ನು ಕೊಂದದ್ದು ಜ್ವಾಲೆಯಲ್ಲ, ಹೊಗೆ. ಅದೇ ರಾತ್ರಿ ತಮ್ಮ ವಾರ್ಡಿನ ರೋಗಿಗಳನ್ನು ಹೊರಸಾಗಿಸುತ್ತ ಕೇರಳದ ಇಬ್ಬರು ಯುವ ದಾದಿಯರು ಪ್ರಾಣ ಕೊಟ್ಟರು. 2021ರ ಜನವರಿ 9ರಂದು ಮಹಾರಾಷ್ಟ್ರದ ಭಂಡಾರಾ ಜಿಲ್ಲಾ ಆಸ್ಪತ್ರೆಯಲ್ಲಿ ಹತ್ತು ನವಜಾತ ಶಿಶುಗಳು, 2024ರ ನವೆಂಬರ್ 15ರ ರಾತ್ರಿ ಝಾನ್ಸಿಯ ವೈದ್ಯಕೀಯ ಕಾಲೇಜಿನಲ್ಲಿ ಮತ್ತೆ ಹತ್ತು ಶಿಶುಗಳು. ಬೆಂಕಿ ಬಿದ್ದರೆ ಮನೆಯವರು ಓಡುತ್ತಾರೆ, ಶಾಲೆಯ ಮಕ್ಕಳು ಓಡುತ್ತಾರೆ. ಗಾಜಿನ ಪೆಟ್ಟಿಗೆಯೊಳಗಿನ ಕೂಸು ಎಲ್ಲಿಗೆ ಓಡೀತು? ಆಮ್ಲಜನಕ ತಾನು ಉರಿಯದಿದ್ದರೂ ಉರಿಯುವುದನ್ನು ಹತ್ತುಪಟ್ಟು ಕೆರಳಿಸುತ್ತದೆ ಎಂದು ನಾನೇ ಪಾಠ ಹೇಳಿದ್ದೆನಲ್ಲ. ಆ ಆಮ್ಲಜನಕ ಗೋಡೆಗೋಡೆಯಲ್ಲೂ ಹರಿಯುವ ಕಟ್ಟಡವೆಂದರೆ ಆಸ್ಪತ್ರೆ. ಕೋವಿಡ್ ಬಂದುಹೋದ ಮೇಲಂತೂ ತಾಲ್ಲೂಕು ಮಟ್ಟದ ಆಸ್ಪತ್ರೆಗಳಲ್ಲೂ ಅದರ ಬಳಕೆ ಹೆಚ್ಚಿದೆ.

ಒಳ್ಳೆಯ ಉದಾಹರಣೆಯೂ ಉಂಟು. 2025ರ ಜುಲೈ 1ರ ನಸುಕಿನಲ್ಲಿ ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆಯ ಸುಟ್ಟಗಾಯಗಳ ವಿಭಾಗದ ಕಟ್ಟಡದಲ್ಲಿ ಬೆಂಕಿ ಕಾಣಿಸಿಕೊಂಡಾಗ ಕರ್ತವ್ಯದಲ್ಲಿದ್ದ ವೈದ್ಯೆಯೊಬ್ಬರು ಹೊಗೆಯನ್ನು ಬೇಗ ಗಮನಿಸಿದ್ದರಿಂದ ಇಪ್ಪತ್ತಕ್ಕೂ ಹೆಚ್ಚು ರೋಗಿಗಳನ್ನು ಸುರಕ್ಷಿತವಾಗಿ ಬೇರೆಡೆಗೆ ಸಾಗಿಸಲಾಯಿತು. ಮೊದಲೇ ಸುಟ್ಟು ನೊಂದವರು ಅವರು. ಆ ಸುದ್ದಿಯನ್ನು ಓದಿದ ದಿನವೇ ಈ ಲೇಖನವನ್ನು ಬರೆಯಲೇಬೇಕೆಂದು ನಿರ್ಧರಿಸಿದೆ.

ಹಾಗಾದರೆ ವಾಡಿಕೆಯ ತಪಾಸಣೆ ಎಂಬುದು ನಮ್ಮ ಜನಕ್ಕೆ ಹೊಸತೇ? ಖಂಡಿತ ಅಲ್ಲ. ನಾನು ಕೆಲಸ ಮಾಡಿದ ನಾಲ್ಕು ಊರುಗಳನ್ನೇ ನೆನೆಯುತ್ತೇನೆ. 1976ರಲ್ಲಿ ಜಗಳೂರು ತಾಲ್ಲೂಕಿನ ಒಂದು ಹಳ್ಳಿಗೆ ಮೊದಲ ನೇಮಕವಾದಾಗ ಅದು ಚಿತ್ರದುರ್ಗ ಜಿಲ್ಲೆಯಲ್ಲಿತ್ತು. ಹೊನ್ನಾಳಿ, ಚನ್ನಗಿರಿಗಳು ಶಿವಮೊಗ್ಗಕ್ಕೆ ಸೇರಿದ್ದವು. 1997ರಲ್ಲಿ ದಾವಣಗೆರೆ ಜಿಲ್ಲೆಯಾದಾಗ ಎಲ್ಲವೂ ಒಂದೇ ಸೂರಿನಡಿ ಬಂದವು. ಜಗಳೂರಿನ ಬೇಸಿಗೆಯೆಂದರೆ ಬಣವೆಗಳಿಗೆ ಬೆಂಕಿ ಬೀಳುವ ಕಾಲ. ಬೆಂಕಿಯ ವಾಹನ ದೂರದಿಂದ ಬರುವಷ್ಟರಲ್ಲಿ ಬಣವೆ ಬೂದಿಯಾಗಿರುತ್ತಿತ್ತು. ಅದಕ್ಕೆಂದೇ ನಾನಿದ್ದ ಹಳ್ಳಿಯಲ್ಲಿ ಒಬ್ಬ ಹಿರಿಯರು ಯುಗಾದಿಗೆ ಮುನ್ನ ಊರ ಬಾವಿಯ ಹಗ್ಗವನ್ನು ಮಾರು ಮಾರಾಗಿ ಬೆರಳಿನಿಂದ ಮುಟ್ಟಿ ನೋಡುತ್ತಿದ್ದರು. ಎಳೆ ಸಡಿಲಿದ್ದ ಕಡೆ ಕತ್ತರಿಸಿ ಹೊಸದಾಗಿ ಹೊಸೆಯುತ್ತಿದ್ದರು. ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಬಾರದೆಂಬ ಗಾದೆ ನಮಗೆಲ್ಲ ಗೊತ್ತು. ತೋಡಿಟ್ಟ ಬಾವಿಯ ಹಗ್ಗ ಹಳಸಿದ್ದರೆ ಬಾವಿಯೂ ಇಲ್ಲದಂತೆಯೇ ಎಂಬುದು ಆ ಹಿರಿಯರಿಗೆ ಗೊತ್ತಿತ್ತು.

ಹೊನ್ನಾಳಿಯಲ್ಲಿ ತುಂಗಭದ್ರೆಯ ಅಂಬಿಗರು ಮಳೆಗಾಲಕ್ಕೆ ಮೊದಲು ಹರಿಗೋಲನ್ನು ಕವುಚಿ ಹಾಕಿ ಹೊಲಿಗೆ ಹೊಲಿಗೆಯನ್ನೂ ನೋಡುತ್ತಿದ್ದರು. ಚನ್ನಗಿರಿ ತಾಲ್ಲೂಕಿನ ಸೂಳೆಕೆರೆಯಂಥ ಬೃಹತ್ ಕೆರೆ ಶತಮಾನಗಳಿಂದ ಉಳಿದು ಬಂದದ್ದು ಕಟ್ಟಿದವರ ಪುಣ್ಯದಿಂದ ಮಾತ್ರವಲ್ಲ. ಏರಿಯ ಮೇಲೆ ನಡೆದು, ತೂಬು ನೋಡಿ, ಇಲಿಯ ಬಿಲವನ್ನೂ ಮುಚ್ಚಿಕೊಂಡು ಬಂದವರ ಪುಣ್ಯದಿಂದಲೂ ಹೌದು. ಕೆರೆಗಳ ಊರಿನಲ್ಲಿ ನೀರುಗಂಟಿಗೆ ವರ್ಷಕ್ಕಿಷ್ಟು ಕಾಳು ಎಂದು ಕೊಡುತ್ತಿದ್ದುದು ಈ ಕೆಲಸಕ್ಕಾಗಿಯೇ. ನ್ಯಾಮತಿ ಇಂದು ಸ್ವತಂತ್ರ ತಾಲ್ಲೂಕು; ನಾನಿದ್ದಾಗ ಹೊನ್ನಾಳಿಗೆ ಸೇರಿದ ಹೋಬಳಿ. ಅಲ್ಲಿಯ ವರ್ತಕರು ತೂಕದ ಬಟ್ಟುಗಳಿಗೆ ಕಾಲಕಾಲಕ್ಕೆ ಸರ್ಕಾರದ ಮುದ್ರೆ ಹಾಕಿಸಿಕೊಳ್ಳುತ್ತಿದ್ದರು. ಮುದ್ರೆಯಿಲ್ಲದ ಬಟ್ಟನ್ನು ಕಂಡರೆ ರೈತನೇ ಜಗಳ ತೆಗೆಯುತ್ತಿದ್ದ. ಅಡಿಕೆಯ ತೂಕದಲ್ಲಿ ಒಂದು ಹಿಡಿ ವ್ಯತ್ಯಾಸವಾದರೆ ಸಿಡಿದೇಳುವ ನಾವು, ಪ್ರಾಣದ ಕಾವಲಿಗೆಂದು ತೂಗುಹಾಕಿದ ವಸ್ತುವಿನ ಮುದ್ರೆಯನ್ನು ಏಕೆ ಕೇಳುವುದಿಲ್ಲ?

ನನಗೆ ತೋರುವ ಕಾರಣ ಇದು. ಹಗ್ಗ, ಹರಿಗೋಲು, ತೂಬು, ತಕ್ಕಡಿ ಇವೆಲ್ಲ ಮತ್ತೆ ಮತ್ತೆ ಬಳಕೆಗೆ ಬರುತ್ತವೆ. ತಪ್ಪಿದರೆ ತಪ್ಪು ಕೂಡಲೇ ಹೊರಬೀಳುತ್ತದೆ. ಕೆಂಪು ಸಿಲಿಂಡರು ಹತ್ತು ವರ್ಷ ಸುಮ್ಮನೆ ತೂಗುತ್ತದೆ. ಒಳಗೆ ಸತ್ತಿದ್ದರೂ ಹೊರಗೆ ಹೊಳೆಯುತ್ತದೆ. ಅದನ್ನು ನೋಡಿದ ಮತ್ತು ನೋಡದ ದಿನಗಳ ನಡುವೆ ಯಾವ ವ್ಯತ್ಯಾಸವೂ ಕಾಣುವುದಿಲ್ಲ. ಸುಳ್ಳು ಸಹಿ ಹಾಕಿದವನು ಕೆಟ್ಟವನೇ ಆಗಿರಬೇಕಿಲ್ಲ. ನನ್ನಂತೆ, ಮಾಡಲು ನೂರು ಕೆಲಸವಿದ್ದು, ಕಾಣದ ಕೆಲಸವನ್ನು ಕೊನೆಗೆ ಇಟ್ಟುಕೊಂಡವನಾಗಿರಬಹುದು. ಆ ಆಸ್ಪತ್ರೆಯಲ್ಲಿ ಕಾರ್ಡಿಗೆ ಸಹಿ ಹಾಕುತ್ತಿದ್ದವನು ಔಷಧದ ದಾಸ್ತಾನನ್ನೂ, ಲಿನನ್ನಿನ ಲೆಕ್ಕವನ್ನೂ, ಜನರೇಟರಿನ ಡೀಸೆಲ್ಲನ್ನೂ ನೋಡಿಕೊಳ್ಳುತ್ತಿದ್ದ ಒಬ್ಬನೇ ನೌಕರ ಎಂಬುದು ನನಗೆ ಆಮೇಲೆ ತಿಳಿಯಿತು.

ನನ್ನ ಪತ್ರಕ್ಕೆ ಉತ್ತರ ಬರಲಿಲ್ಲ. ಬರುತ್ತದೆಂದು ನಾನು ಕಾದಿರಲೂ ಇಲ್ಲ. ಮೂರು ತಿಂಗಳ ಬಳಿಕ ಪತ್ನಿಯ ತಪಾಸಣೆಗೆಂದು ಅದೇ ಆಸ್ಪತ್ರೆಗೆ ಹೋದಾಗ ಮೆಲ್ಲಗೆ ಮೇಲಿನ ಅಂತಸ್ತಿಗೆ ಹತ್ತಿದೆ. ವಿದ್ಯುತ್ ಫಲಕ ಹೊಸದಾಗಿತ್ತು. ಸಿಲಿಂಡರು ಹೊಸದು, ಫಲಕಕ್ಕೆ ಅಂಟಿಕೊಂಡಿರದೆ ಎರಡು ಮಾರು ದೂರದಲ್ಲಿತ್ತು. ಮುಳ್ಳು ಹಸಿರಿನಲ್ಲಿತ್ತು. ಕಾರ್ಡನ್ನು ತಿರುಗಿಸಿದೆ. ಜನವರಿಯಲ್ಲಿ ನೀಲಿ ಶಾಯಿ, ಒಂದು ಸಹಿ. ಮಾರ್ಚಿನಲ್ಲಿ ಕಪ್ಪು ಶಾಯಿ, ಬೇರೊಂದು ಕೈ, ‘ಕೊಳವೆಯ ತುದಿ ಸ್ವಚ್ಛ ಮಾಡಿದೆ’ ಎಂಬ ಟಿಪ್ಪಣಿ. ಫೆಬ್ರವರಿಯ ಸಾಲು ಖಾಲಿ.

ಆ ಖಾಲಿ ಸಾಲನ್ನು ನೋಡಿ ನನಗಾದ ಸಂತೋಷವನ್ನು ಉಪಾಧ್ಯಾಯರಲ್ಲದವರಿಗೆ ವಿವರಿಸುವುದು ಕಷ್ಟ. ಎಲ್ಲ ಮಕ್ಕಳೂ ಎಲ್ಲ ದಿನವೂ ಹಾಜರಿರುವ ಪುಸ್ತಕವನ್ನು ನಾನು ಎಂದೂ ನಂಬಿದವನಲ್ಲ. ನಡುನಡುವೆ ಗೈರುಹಾಜರಿ ಕಂಡರೆ ಮಾತ್ರ, ಮೇಷ್ಟ್ರು ನಿಜವಾಗಿ ಹೆಸರು ಕೂಗಿದ್ದಾರೆ ಎಂಬುದು ಖಚಿತ. ಫೆಬ್ರವರಿಯಲ್ಲಿ ಯಾರೂ ನೋಡಲಿಲ್ಲ, ಆದ್ದರಿಂದ ಯಾರೂ ಸಹಿ ಮಾಡಲಿಲ್ಲ. ಹಾಗಿದ್ದರೆ ಜನವರಿಯಲ್ಲಿ ನೋಡಿದ್ದಾರೆ, ಮಾರ್ಚಿನಲ್ಲಿ ನೋಡಿದ್ದಾರೆ. ಕಾರಿಡಾರಿನ ಕೊನೆಯ ಬಾಗಿಲಿಗೆ ಮಾತ್ರ ಅಂದೂ ಬೀಗವಿತ್ತು. ಈ ಬಾರಿ ಸುಮ್ಮನಿರಲಿಲ್ಲ. ಕೆಳಗಿಳಿದು ಕಚೇರಿಯಲ್ಲಿ ಹೇಳಿದೆ. ಅಲ್ಲಿದ್ದವರು ಬರೆದುಕೊಂಡರು. ಮುಂದಿನ ಸಲ ಹೋದಾಗ ಬೀಗದ ಜಾಗದಲ್ಲಿ ಒಳಗಿನಿಂದ ತೆಗೆಯಬಹುದಾದ ಚಿಲಕವಿತ್ತು.

ನನ್ನ ಹಳೆಯ ಶಾಲೆಗೂ ಹೋಗಿಬಂದೆ. ಈಗಿನ ಮುಖ್ಯೋಪಾಧ್ಯಾಯಿನಿ ಗೌರವದಿಂದ ಕುರ್ಚಿ ಕೊಟ್ಟರು. ನಾನು ಬಂದ ಕಾರಣ ಹೇಳಿದಾಗ ಬೀರುವನ್ನು ತೆರೆದರು. ನಾನು ಇಟ್ಟುಹೋದ ಎರಡು ಸಿಲಿಂಡರುಗಳಲ್ಲಿ ಒಂದು ಇನ್ನೂ ಅಲ್ಲಿಯೇ ಇತ್ತು, ಹಳೆಯ ಭೂಪಟಗಳ ಹಿಂದೆ, ಪ್ಲಾಸ್ಟಿಕ್ ಹೊದಿಕೆಯನ್ನೂ ತೆಗೆಯದೆ. ಮುಳ್ಳು ಪೂರ್ತಿ ಕೆಂಪಿನಲ್ಲಿತ್ತು. ನಾನು ‘ಸುಸ್ಥಿತಿ’ ಎಂದು ಬರೆದುಕೊಟ್ಟ ಪಟ್ಟಿ ಕಡತದಲ್ಲಿ ಈಗಲೂ ಇದೆಯಂತೆ. ಹೊಸ ಸಿಲಿಂಡರೊಂದನ್ನು ಅಡುಗೆಮನೆಯ ಬಾಗಿಲಿನ ಹೊರಗೆ, ಎಲ್ಲರ ಕೈಗೆ ಸಿಗುವಂತೆ ಹಾಕಿಸಲು ನನ್ನ ಪಿಂಚಣಿಯಿಂದ ಕೊಟ್ಟೆ. ಅದು ದಾನವಲ್ಲ, ಹಳೆಯ ಬಾಕಿ.

ನಿಮ್ಮಲ್ಲಿ ಎಷ್ಟೋ ಜನ ಇಂದು ವೈದ್ಯರು, ದಾದಿಯರು, ಔಷಧಾಲಯದವರು, ಆಸ್ಪತ್ರೆಯ ಲೆಕ್ಕಪತ್ರ ನೋಡುವವರು. ಉಳಿದವರು ಒಂದಲ್ಲ ಒಂದು ದಿನ ರೋಗಿಯ ಜೊತೆ ಆ ಕಾರಿಡಾರಿನಲ್ಲಿ ಕೂರುವವರು. ಮೇಷ್ಟ್ರು ಕೊಡುವ ಕೊನೆಯ ಮನೆಪಾಠವೆಂದು ತಿಳಿಯಿರಿ. ಸಿಲಿಂಡರಿನ ಮುಳ್ಳು ನೋಡಿ. ಕಾರ್ಡನ್ನು ತಿರುಗಿಸಿ ಓದಿ. ಹೊರಹೋಗುವ ಎರಡನೆಯ ದಾರಿ ಯಾವುದು, ಅದು ತೆರೆಯುತ್ತದೆಯೇ ಎಂದು ಒಮ್ಮೆ ತಳ್ಳಿ ನೋಡಿ. ಎಲ್ಲ ಸೇರಿ ಎರಡು ನಿಮಿಷದ ಕೆಲಸ. ಸರಿಯಿಲ್ಲದಿದ್ದರೆ ನಗಬೇಡಿ, ಹೇಳಿ. ಬೆಂಕಿ ಕಂಡರೆ 101 ಅಥವಾ 112ಕ್ಕೆ ಮೊದಲು ಕರೆ ಮಾಡಿ. ಆಮೇಲೆ ಧೈರ್ಯ ತೋರಿಸಿ. ವಿದ್ಯುತ್ತಿನ ಬೆಂಕಿಗೆ ನೀರು ಎರಚಬೇಡಿ. ಸಹಿ ಮಾಡುವ ಸ್ಥಾನದಲ್ಲಿರುವವರು, ನೋಡದ ತಿಂಗಳ ಸಾಲನ್ನು ಖಾಲಿ ಬಿಡಿ. ಆ ಖಾಲಿ ಜಾಗವನ್ನು ಯಾರಾದರೂ ಕೇಳುತ್ತಾರೆ, ಕೇಳಿದವರಿಂದ ಕೆಲಸ ನಡೆಯುತ್ತದೆ. ಸುಳ್ಳು ಸಹಿಯನ್ನು ಮಾತ್ರ ಬೆಂಕಿ ಬೀಳುವವರೆಗೆ ಯಾರೂ ಕೇಳುವುದಿಲ್ಲ.

ಪ್ರತಿವರ್ಷ ಏಪ್ರಿಲ್ 14ರಂದು ದೇಶದಲ್ಲಿ ಅಗ್ನಿಶಾಮಕ ಸೇವಾ ದಿನ ಆಚರಿಸುತ್ತಾರೆ. 1944ರ ಅದೇ ದಿನ ಮುಂಬಯಿ ಬಂದರಿನ ಹಡಗಿನ ಸ್ಫೋಟದಲ್ಲಿ ಮಡಿದ 66 ಅಗ್ನಿಶಾಮಕ ಸಿಬ್ಬಂದಿಯ ನೆನಪಿಗೆ. ಆ ವಾರ ನನ್ನ ಶಿಷ್ಯ ಆಸ್ಪತ್ರೆ, ಶಾಲೆಗಳಿಗೆ ಹೋಗಿ ಸಿಲಿಂಡರು ಬಳಸುವುದನ್ನು ತೋರಿಸುತ್ತಾನೆ. ಕಳೆದ ಸಲ ನನ್ನನ್ನೂ ಕರೆದೊಯ್ದು, ಹುಡುಗರೆದುರು ನನ್ನಿಂದಲೇ ಪಿನ್ನು ಎಳೆಸಿ, ಬೆಂಕಿಯ ಬುಡಕ್ಕೆ ಗುರಿಯಿಡಿಸಿ ಹಿಡಿಕೆ ಅದುಮಿಸಿದ. ಆ ವಯಸ್ಸಿನಲ್ಲಿ ಕೈ ನಡುಗಿತು; ಆದರೂ ಬೆಂಕಿ ಆರಿತು.

ಪತ್ನಿ ಈಗ ಆರೋಗ್ಯವಾಗಿದ್ದಾಳೆ. ಎಲ್ಲರಿಗೂ ತಿಳಿಸಲು ಹೇಳಿದ್ದಾಳೆ. ತಪಾಸಣೆಗೆ ಹೊರಟಾಗಲೆಲ್ಲ ಆಸ್ಪತ್ರೆಯ ಮೆಟ್ಟಿಲ ಬಳಿ ನನ್ನ ತೋಳು ಹಿಡಿದು ಒಂದೇ ಮಾತು ಹೇಳುತ್ತಾಳೆ: “ಮೊದಲು ಡಾಕ್ಟರನ್ನು ನೋಡೋಣ. ನಿಮ್ಮ ಸಿಲಿಂಡರು ಆಮೇಲೆ.”